ಐಡ್ಲಿಂಗ್ ನಿಲ್ಲೂದಿಲ್ಲ, ಪಿಕಪ್ ಇಲ್ಲ: ಎಂಜಿನ್ ಇಳಿಸೋ ಮೊದಲು ಇಷ್ಟು ನೋಡ್ರಿ

(ಬೈಲಹೊಂಗಲ ತಾಲೂಕಿನ ಗ್ಯಾರೇಜ್ ಮೆಕ್ಯಾನಿಕ್ ಒಬ್ಬರು ನಮ್ಮ ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತುಗಳ ಬರಹ ರೂಪ)

ಇವತ್ತು ಒಂದು ಕಾರಿನ ಕತೆ ಹೇಳ್ತೀನಿ. ಸಣ್ಣ ಕಾರು, ಎರಡೇ ಸೀಟು. ಸಂಗೊಳ್ಳಿಯ ಹುಡುಗನೊಬ್ಬ ಅದನ್ನು ನಮ್ಮ ಗ್ಯಾರೇಜಿಗೆ ತಂದದ್ದು ಜನವರಿ ಮೊದಲ ವಾರದಲ್ಲಿ. ಊರಲ್ಲಿ ರಾಯಣ್ಣ ಉತ್ಸವದ ತಯಾರಿ ನಡೆದಿತ್ತು. ಈ ಕಾರು ಮಾತ್ರ ನಮ್ಮ ಬಾಗಿಲ ಮುಂದೆ ನಿಂತು ಚಳಿಜ್ವರ ಬಂದವರ ಹಂಗ ಗಡಗಡ ನಡುಗುತ್ತಿತ್ತು.

"ಕಾಕಾ, ಸ್ಟಾರ್ಟ್ ಆಗ್ತದ, ಆದ್ರ ಐಡ್ಲಿಂಗ್ ನಿಲ್ಲೂದಿಲ್ಲ. ಏರು ಬಂತಂದ್ರ ಪಿಕಪ್ ಇಲ್ಲ. ನಾಕು ಮಂದಿ ನೋಡ್ಯಾರ. ಎಂಜಿನ್ ಇಳಸಬೇಕು ಅಂತಾರ" ಅಂದ.

"ಎಷ್ಟು ಹೇಳ್ಯಾರ?"

"ಐವತ್ತೈದು ಸಾವಿರ."

ಅಲ್ಲಿಯವರೆಗೆ ಅವನು 14,000 ರೂಪಾಯಿ ಖರ್ಚು ಮಾಡಿದ್ದ. ಹೊಸ ಪ್ಲಗ್, ಹೊಸ ವಯರು, ಹೊಸ ಫಿಲ್ಟರ್, ಕೊನೆಗೆ ಹೊಸ ಪೆಟ್ರೋಲ್ ಪಂಪು. ನಡುಕ ಹೋಗಿರಲಿಲ್ಲ. ಕಬ್ಬಿನ ಬಿಲ್ಲು ಬಂದಿತ್ತು, ಆದರೆ ಅದರಲ್ಲಿ ಮನೆ ಸಾಲವೂ ಇತ್ತು, ತಂಗಿಯ ಕಾಲೇಜ್ ಫೀಯೂ ಇತ್ತು. ಒಬ್ಬ ಗುಜರಿಯವನು ಕಾರನ್ನು ತೂಕಕ್ಕೆ ಒಯ್ಯೋಕೆ ತಯಾರಾಗಿದ್ದ. ಅವರವ್ವ "ಕೊಟ್ಟು ಕೈ ತೊಳಕೊಳ್ಳೋ" ಅಂತ ದಿನಾ ಹೇಳ್ತಿದ್ದರಂತೆ. ನಾನು ಹೇಳೋ ಒಂದು ಮಾತಿನ ಮೇಲೆ ಕಾರು ಉಳಿಯೋದೋ, ಗುಜರಿಗೆ ಹೋಗೋದೋ ಎಂಬ ಪರಿಸ್ಥಿತಿ.

ಮೊದಲು ಕಾರಿನ ಬಗ್ಗೆ ಸ್ವಲ್ಪ

ಅದು ಸ್ಯಾನ್ ಸ್ಟಾರ್ಮ್. ನಿಮ್ಮಲ್ಲಿ ಬಹಳ ಮಂದಿ ಹೆಸರೇ ಕೇಳಿರಲಿಕ್ಕಿಲ್ಲ. ಬೆಂಗಳೂರಿನ ಸ್ಯಾನ್ ಮೋಟರ್ಸ್ 1990ರ ದಶಕದ ಕೊನೆಗೆ ತಂದ ಸ್ಪೋರ್ಟ್ಸ್ ಕಾರು, ತಯಾರಾಗ್ತಿದ್ದದ್ದು ನಮ್ಮ ಪಕ್ಕದ ಗೋವಾದಲ್ಲಿ. ಒಳಗೆ ರೆನೋ ಕಂಪನಿಯ 1149 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, ಸುಮಾರು 60 ಹಾರ್ಸ್ ಪವರ್. ಇವತ್ತಿನ ಲೆಕ್ಕಕ್ಕೆ 60 ಅಂದರೆ ಏನೂ ಅಲ್ಲ ಅನಿಸಬಹುದು. ಆದರೆ ಬಾಡಿ ಫೈಬರ್‌ಗ್ಲಾಸಿನದು, ಕಾರು ಹಗುರ. ಹಗುರ ಕಾರಿಗೆ 60 ಬಹಳ.

ಫೈಬರ್ ಬಾಡಿ ಕರ್ನಾಟಕಕ್ಕೆ ಹೊಸದೂ ಅಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಅಂತ ಎರಡು ಬಾಗಿಲಿನ ಕಾರು ಮಾಡ್ತಿತ್ತು. 848 ಸಿಸಿ ಎಂಜಿನ್. ಹಗುರ ಇದ್ದದ್ದಕ್ಕೇ ರ‍್ಯಾಲಿಗಳಲ್ಲಿ ಹೆಸರು ಮಾಡಿತ್ತು. ಎರಡೂ ಈಗ ತಯಾರಾಗೋದಿಲ್ಲ. ಇಂಥ ಕಾರಿನ ಎಂಜಿನ್ನನ್ನು ಸುಮ್ಮನೆ ಇಳಿಸಿದಿರೋ, ಒಂದು ಗ್ಯಾಸ್ಕೆಟ್ಟಿಗೆ, ಒಂದು ಸೀಲಿಗೆ ತಿಂಗಳುಗಟ್ಟಲೆ ಹುಡುಕಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಬುಶ್ ಮಾಡಿಕೊಡ್ತಾರೆ, ಶಾಫ್ಟ್ ತಿರುಗಿಸಿ ಕೊಡ್ತಾರೆ, ಎರಕ ಹೊಯ್ದೂ ಕೊಡ್ತಾರೆ. ಆದರೆ ಎಲ್ಲಾ ಸಾಮಾನು ಲೇತಿನಲ್ಲಿ ಹುಟ್ಟೋದಿಲ್ಲ. ಬಿಚ್ಚಿದ ಎಷ್ಟೋ ಹಳೇ ಕಾರು ಮತ್ತೆ ಜೋಡಣೆ ಆಗದೆ, ಹಿತ್ತಲಲ್ಲಿ ಕೋಳಿ ಕೂಡೋ ಜಾಗ ಆಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪಾನಾ ಹಿಡಿಯೋ ಮೊದಲು ಪ್ರಶ್ನೆ

ನಾನು ಬಾನೆಟ್ ಎತ್ತಲಿಲ್ಲ. ಮೊದಲು ಅವನನ್ನು ಕೂರಿಸಿ ಚಹಾ ಕೊಟ್ಟು ಕೇಳಿದೆ. ಯಾವಾಗಿಂದ ಹಿಂಗ? ತಣ್ಣಗಿದ್ದಾಗ ಹೆಚ್ಚೋ, ಬಿಸಿಯಾದ ಮೇಲೆ ಹೆಚ್ಚೋ? ಏರಿನಲ್ಲಿ ಪಿಕಪ್ ಹೋಗೋದು ಸಾವಕಾಶವೋ, ಒಮ್ಮೆಲೆಯೋ? ಅದಕ್ಕೂ ಮೊದಲು ಕಾರಿಗೆ ಏನಾದರೂ ಕೆಲಸ ಮಾಡಿಸಿದ್ದೆಯಾ?

"ಏನಿಲ್ಲ ಕಾಕಾ. ಹಿಂದಿನ ಬಾಡಿ ಸೀಳಿತ್ತು. ಫೈಬರ್ ಹಾಕ್ಸಿ ಪೇಂಟ್ ಹೊಡಿಸಿದ್ದೆ. ಆಮ್ಯಾಲ ಒಂದು ತಿಂಗಳಿಗೆ ಸುರು ಆತು."

ಪೇಂಟ್ ಅಂದದ್ದನ್ನು ನಾನು ಗೋಡೆ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟೆ. ಆಗ ಅದರ ಅರ್ಥ ನನಗೂ ಗೊತ್ತಾಗಿರಲಿಲ್ಲ. ಆದರೆ ರೋಗ ಬರೋ ಮೊದಲು ಏನಾಯಿತು ಅನ್ನೋದು ಯಾವಾಗಲೂ ಬರೆದಿಡಬೇಕಾದ ಮಾತು.

ಅವನು ಫೋನ್ ತೆಗೆದು ತೋರಿಸಿದ. "ಬ್ಲೂಟೂತ್ ಸ್ಕ್ಯಾನರ್ ತರಿಸಿದ್ದೆ, ಕನೆಕ್ಟ್ ಆಗೂದಿಲ್ಲ." ಆಗೋದಿಲ್ಲ, ಯಾಕಂದರೆ ನಮ್ಮ ದೇಶದಲ್ಲಿ ಕಾರುಗಳಿಗೆ ಎರಡನೇ ಹಂತದ ಓಬಿಡಿ ಕಡ್ಡಾಯ ಆದದ್ದೇ 2013ರಲ್ಲಿ. ಅದಕ್ಕಿಂತ ಬಹಳ ಹಳೇ ಕಾರಿಗೆ ಆ ಸ್ಕ್ಯಾನರ್ ಸಾಮಾನ್ಯವಾಗಿ ನಡೆಯೋದಿಲ್ಲ. ಆದರೆ ಫೋನ್ ಬೇರೆ ರೀತಿ ಉಪಯೋಗಕ್ಕೆ ಬರುತ್ತದೆ. ಏನೇ ಬಿಚ್ಚೋ ಮೊದಲು ಫೋಟೋ ಹೊಡಿರಿ. ನಡುಕದ ವಿಡಿಯೋ, ಸದ್ದಿನ ರೆಕಾರ್ಡಿಂಗ್ ಇಟ್ಟುಕೊಳ್ಳಿ. ಇವತ್ತಿನ ಸದ್ದು, ನಾಳೆಯ ಸದ್ದು ಹೋಲಿಸಿ ನೋಡಬಹುದು. ನಮ್ಮ ಕಾಲಕ್ಕೆ ಈ ಸೌಲಭ್ಯ ಇರಲಿಲ್ಲ, ಎಲ್ಲಾ ಕಿವಿಯಲ್ಲೇ ಇಟ್ಟುಕೊಳ್ಳಬೇಕಿತ್ತು.

ಎಂಜಿನ್ ಗಟ್ಟಿ ಅದನೋ ಇಲ್ಲೋ

ಪೆಟ್ರೋಲ್ ಎಂಜಿನ್ನಿಗೆ ನಾಲ್ಕು ಬೇಕು: ಗಾಳಿ, ಪೆಟ್ರೋಲ್, ಕಿಡಿ, ಕಂಪ್ರೆಶನ್. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಕಿಡಿ ಸರಿಯಾದ ಹೊತ್ತಿಗೆ ಹಾರಬೇಕು. ಮೊದಲ ಮೂರರಲ್ಲಿ ತಪ್ಪಿದ್ದರೆ ಹೊರಗಿಂದಲೇ ರಿಪೇರಿ ಆಗುತ್ತದೆ. ಕಂಪ್ರೆಶನ್ ಹೋಗಿದ್ದರೆ ಮಾತ್ರ ಎಂಜಿನ್ ಬಿಚ್ಚೋ ಮಾತು.

ನಾಲ್ಕು ಮಂದಿ ಎಂಜಿನ್ ಇಳಿಸಬೇಕು ಅಂದಿದ್ದರಲ್ಲ, ಹಂಗಾಗಿ ನಾನು ಮೊದಲು ಅದನ್ನೇ ಅಳೆದೆ. ಎಂಜಿನ್ ಬಿಸಿ ಮಾಡಿ, ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಬಂದ್ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಎಕ್ಸಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಸಿದೆ. ಗೇಜಿನಲ್ಲಿ ಬಂದದ್ದು 165, 170, 160, 168 ಪಿಎಸ್‌ಐ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ ನೂರಕ್ಕೆ ಆರರಷ್ಟು ವ್ಯತ್ಯಾಸ. ನೂರಕ್ಕೆ ಹತ್ತರೊಳಗೆ ಇದ್ದರೆ ಚಿಂತೆಯಿಲ್ಲ. ಅಂದರೆ ರಿಂಗು, ವಾಲ್ವು, ಹೆಡ್ ಗ್ಯಾಸ್ಕೆಟ್ ಎಲ್ಲಾ ಗಟ್ಟಿ.

"ತಮ್ಮಾ, ನಿನ್ನ ಐವತ್ತೈದು ಸಾವಿರ ಉಳೀತು" ಅಂದೆ. ಆ ಪರೀಕ್ಷೆಗೆ ಹಿಡಿದದ್ದು ಅರ್ಧ ತಾಸು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಒಬ್ಬ ಸಾಲಿ ಮಾಸ್ತರರ ಪೆಟ್ರೋಲ್ ಕಾರು ಬಂದಿತ್ತು. ಇದೇ ತಕರಾರು, ಐಡ್ಲಿಂಗ್ ನಡುಕ. ನಾನು ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದೆ. ಅಳೆಯಲಿಲ್ಲ, ಅಂದಾಜಿಗೆ ಅಂದೆ. ಹೆಡ್ ಇಳಿಸಿದೆ. ಗ್ಯಾಸ್ಕೆಟ್ ಚೊಲೋ ಇತ್ತು. ಮತ್ತೆ ಕೂಡಿಸುವಾಗ ಬ್ರೇಕ್ ಬೂಸ್ಟರಿನ ಗಾಳಿ ಪೈಪಿನ ಕ್ಲಿಪ್ಪು ಸಡಿಲ ಇದ್ದದ್ದು ಕಂಡಿತು. ಬಿಗಿ ಮಾಡಿದೆ, ನಡುಕ ನಿಂತಿತು. ಮಾಸ್ತರರಿಗೆ ಹೆಡ್ ಕೆಲಸದ ಬಿಲ್ಲನ್ನೇ ಕೊಟ್ಟೆ. ಅವರು ಎರಡು ಕಂತಿನಲ್ಲಿ ತೀರಿಸಿದರು, ಹೋಗುವಾಗ ನಮಸ್ಕಾರ ಮಾಡಿ ಹೋದರು. ಅವರು ಈಗಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ. ಆಮೇಲೆ ನಾನು ಅಳೆಯದೆ ಎಂಜಿನ್ ಬಿಚ್ಚಿಲ್ಲ.

ನಡುಕದ ಮೂಲ

ಮುಂದಿನ ಪ್ರಶ್ನೆ: ಒಂದು ಸಿಲಿಂಡರಿನ ತಕರಾರೋ, ನಾಲ್ಕರದ್ದೂ ತಕರಾರೋ? ಇದನ್ನು ತಿಳಿಯೋಕೆ ಎಂಜಿನ್ ಚಾಲೂ ಇಟ್ಟು ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ನೋಡಬೇಕು. ತೆಗೆದಾಗ ಎಂಜಿನ್ ಇನ್ನಷ್ಟು ಕುಸಿದರೆ ಆ ಸಿಲಿಂಡರ್ ದುಡೀತಿತ್ತು ಅಂತ ಅರ್ಥ. ಏನೂ ಫರಕು ಬೀಳದಿದ್ದರೆ ಅದೇ ಸೋಮಾರಿ.

ಹಳೇ ಪದ್ಧತಿಯಲ್ಲಿ ಪ್ಲಗ್ ವಯರ್ ಎಳೆದು ನೋಡ್ತಾರೆ. ಇಂಜೆಕ್ಷನ್ ಕಾರಿನಲ್ಲಿ ಹಂಗ ಮಾಡಬೇಡ್ರಿ. ಆ ವಯರಿನಲ್ಲಿ 20,000 ವೋಲ್ಟಿಗೂ ಹೆಚ್ಚು ಇರ್ತದೆ, ಕೈಗೆ ಹೊಡೀತದೆ. ಕಿಡಿ ಸಿಗದ ಪೆಟ್ರೋಲ್ ಸುಡದೆ ಸೈಲೆನ್ಸರ್ ಕಡೆ ಹೋಗ್ತದೆ. ಅಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದು ಅತಿಯಾಗಿ ಕಾದು ಒಳಗಿನ ಜಾಳಿಗೆ ಕರಗಿ ಕಟ್ಟಿಕೊಳ್ಳಬಹುದು. ಇದೇ ಕಾರಣಕ್ಕೆ ಹೊಸ ಕಾರಿನಲ್ಲಿ ಎಂಜಿನ್ ದೀಪ ಮಿಣುಕಿದರೆ, ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಹಂಗೇ ಓಡಿಸ್ತಾ ಹೋಗಬಾರದು. ಒಂದು ಪ್ಲಗ್ಗಿನ ಖರ್ಚು ಕನ್ವರ್ಟರಿನ ಖರ್ಚಾಗಿ ಕೂಡ್ತದೆ.

ಈ ಕಾರಿನಲ್ಲಿ ನಾಲ್ಕೂ ಕನೆಕ್ಟರಿಗೆ ಎಂಜಿನ್ ಒಂದೇ ಸಮ ಕುಸಿಯಿತು. ಅಂದರೆ ತಕರಾರು ನಾಲ್ವರಿಗೂ ಸೇರಿದ್ದು. ಒಬ್ಬನ ಪ್ಲಗ್ಗು, ಒಬ್ಬನ ಇಂಜೆಕ್ಟರು ಅಂತ ಹುಡುಕೋದು ವ್ಯರ್ಥ. ಹೊಸ ಪ್ಲಗ್ಗುಗಳು ತಿಂಗಳೊಳಗೆ ಕಾಡಿಗೆ ಹಚ್ಚಿದಂಗ ಕಪ್ಪಾಗಿದ್ದವು, ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ. ಪೆಟ್ರೋಲ್ ಹೆಚ್ಚಾಗ್ತಿದೆ ಅನ್ನೋದು ಗೊತ್ತಾಯಿತು. ಯಾಕೆ?

ಈ ತರದ ಕಾರಿನಲ್ಲಿ ಎಷ್ಟು ಪೆಟ್ರೋಲ್ ಹಾಕಬೇಕು ಅಂತ ಕಂಪ್ಯೂಟರ್ ತೀರ್ಮಾನ ಮಾಡೋದು ಮ್ಯಾಪ್ ಸೆನ್ಸರ್ ಮಾತು ಕೇಳಿ. ಮ್ಯಾಪ್ ಅಂದರೆ ಇಲ್ಲಿ ನಕ್ಷೆ ಅಲ್ಲ, ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ ಅಳೆಯೋ ಸಾಧನ. ಐಡ್ಲಿಂಗಿನಲ್ಲಿ ಎಂಜಿನ್ ಗಾಳಿ ಎಳೀತಿರ್ತದೆ, ಬಾಗಿಲು ಹೆಚ್ಚೂಕಡಿಮೆ ಮುಚ್ಚಿರ್ತದೆ, ಹಂಗಾಗಿ ಒಳಗೆ ವ್ಯಾಕ್ಯೂಮ್. ಎಕ್ಸಲೇಟರ್ ಪೂರ್ತಿ ಒತ್ತಿದರೆ ಬಾಗಿಲು ತೆರೀತದೆ, ಒಳಗೂ ಹೊರಗೂ ಒತ್ತಡ ಹೆಚ್ಚೂಕಡಿಮೆ ಒಂದೇ ಆಗ್ತದೆ. ಒತ್ತಡ ಹೆಚ್ಚಿದ್ದರೆ ಕಂಪ್ಯೂಟರ್ "ಭಾರ ಹೆಚ್ಚಾಗ್ಯದ, ಪೆಟ್ರೋಲ್ ಹೆಚ್ಚು ಹಾಕು" ಅಂತದೆ.

ನಾನು ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿದೆ. ಸಮುದ್ರ ಮಟ್ಟದಲ್ಲಿ ಒಳ್ಳೇ ಎಂಜಿನ್ ಐಡ್ಲಿಂಗಿನಲ್ಲಿ 17ರಿಂದ 21 ಇಂಚು ತೋರಿಸ್ತದೆ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆ. ನಮ್ಮ ಕಡೆ ಎತ್ತರಕ್ಕೆ ಸುಮಾರು ಎರಡು ಇಂಚು ಬಿಟ್ಟು ಲೆಕ್ಕ ಹಾಕಬೇಕು. ಇಲ್ಲಿ 16ರ ಆಸುಪಾಸು ಬಂತು. ಎಂಜಿನ್ ಗಾಳಿ ಚೊಲೋ ಎಳೀತಿದೆ. ಆಮೇಲೆ ಮಲ್ಟಿಮೀಟರ್ ಹಿಡಿದು ಮ್ಯಾಪ್ ಸೆನ್ಸರಿನ ವಯರು ನೋಡಿದೆ. ಇಂಥ ವ್ಯಾಕ್ಯೂಮಿಗೆ ಒಂದು, ಒಂದೂವರೆ ವೋಲ್ಟ್ ಇರಬೇಕಾದಲ್ಲಿ ಎರಡೂವರೆ ತೋರಿಸ್ತು.

ಈಗ ನೋಡ್ರಿ. ಗೇಜು ವ್ಯಾಕ್ಯೂಮ್ ಅದ ಅಂತದೆ, ಸೆನ್ಸರು ಅಷ್ಟಿಲ್ಲ ಅಂತದೆ. ಇಬ್ಬರಲ್ಲಿ ಒಬ್ಬ ಸುಳ್ಳು, ಇಲ್ಲಾ ನಡುವಿನ ದಾರಿಯಲ್ಲಿ ಮೋಸ. ಸೆನ್ಸರಿಗೆ ಬೇರೆ ಚೊಲೋ ಪೈಪ್ ಹಚ್ಚಿ ಬಾಯಿಂದ ಗಾಳಿ ಎಳೆದೆ. ವೋಲ್ಟ್ ಸರಸರ ಇಳೀತು. ಸೆನ್ಸರ್ ಸತ್ಯವಂತ. ಹಂಗಾದರೆ ಪೈಪು. ತೆಗೆದು ಬೆರಳಲ್ಲಿ ಬಗ್ಗಿಸಿ ನೋಡಿದೆ. ತಿರುವಿನಲ್ಲಿ, ಕೆಳಗಿನ ಬದಿಗೆ, ಉಗುರಿನಷ್ಟು ಉದ್ದ ಸೀಳು. ಮೇಲಿಂದ ನೋಡಿದರೆ ಕಾಣೋದೇ ಇಲ್ಲ. ವರ್ಷಗಟ್ಟಲೆ ಬಿಸಿ ಮತ್ತು ಆಯಿಲ್ ಹಬೆ ತಿಂದು ರಬ್ಬರ್ ಸತ್ತಿತ್ತು.

ಹೊಸ ವ್ಯಾಕ್ಯೂಮ್ ಪೈಪಿಗೆ 40 ರೂಪಾಯಿ. ಹಾಕಿದ ಮೇಲೆ ಎಂಜಿನ್ ನಾಲ್ಕೈದು ಸಲ ಕೆಮ್ಮಿ ನಿಧಾನಕ್ಕೆ ಕೂತಿತು. ಸುಮಾರು 750 ಆರ್‌ಪಿಎಂ, ಮುಳ್ಳು ಅಲುಗಲಿಲ್ಲ. ಒಂದು ಮಾತು: ಹೊಲದ ಡ್ರಿಪ್ ಪೈಪ್ ತುಂಡು ಮಾಡಿ ಹಾಕೋರಿದ್ದಾರೆ. ಬ್ಯಾಡ್ರಿ. ಬಿಸಿಗೆ ಮೆತ್ತಗಾಗಿ ಒಳಕ್ಕೆ ಮುಚ್ಚಿಕೊಳ್ತದೆ.

ಎರಡನೇ ಕಾಯಿಲೆ

ಹುಡುಗ ಖುಷಿಯಾಗಿ ಕೀ ಕೇಳಿದ. ನಾನು ಕೊಡಲಿಲ್ಲ. ಯಾಕಂದರೆ ಸೀಳಿದ ಪೈಪು ಐಡ್ಲಿಂಗಿನ ನಡುಕಕ್ಕೆ ಉತ್ತರ ಕೊಡ್ತದೆ, ಏರಿನಲ್ಲಿ ಪಿಕಪ್ ಹೋಗೋದಕ್ಕೆ ಕೊಡೋದಿಲ್ಲ. ಎಕ್ಸಲೇಟರ್ ಪೂರ್ತಿ ಒತ್ತಿದಾಗ ಒಳಗೂ ಹೊರಗೂ ಒತ್ತಡ ಒಂದೇ ಅಂದೆನಲ್ಲ? ಆಗ ಪೈಪು ಸೀಳಿದ್ದರೂ ಒಂದೇ, ಗಟ್ಟಿ ಇದ್ದರೂ ಒಂದೇ. ಆ ತಪ್ಪು ಐಡ್ಲಿಂಗಿನಲ್ಲಿ ಬದುಕಿರ್ತದೆ, ಏರಿನಲ್ಲಿ ಸಾಯ್ತದೆ. ಹಂಗಾಗಿ ಏರಿನ ತಕರಾರು ಬೇರೆಯೇ ಇರಬೇಕು.

ಏರಿಗೆ ನಮ್ಮ ಸೀಮೆಯಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡ ಇದ್ದೇ ಇದೆ. ಹುಣ್ಣಿಮೆಯ ಗದ್ದಲ ಇಲ್ಲದ ದಿನ, ಬೆಳಗಿನ ಜಾವ ಹೋದೆವು. ಕೆಳಗೆ ಚೆಂದ ಓಡಿತು. ಏರು ಸುರುವಾಗಿ ಮೂರನೇ ಗೇರಿನಲ್ಲಿ ಒತ್ತಿದರೆ ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದಂಗ ಆಯಿತು. ಹಿಂದೆ ಒಂದು ಟೆಂಪೊ, ಮುಂದೆ ತಿರುವು. "ಚೋರ್ಲಾ ಘಾಟಿನ್ಯಾಗ ಲಾರಿ ಹಿಂದಿದ್ದಾಗ ಹಿಂಗ ಆಗಿತ್ತು ಕಾಕಾ, ಜೀವ ಬಾಯಿಗೆ ಬಂದಿತ್ತು" ಅಂದ. ಪಿಕಪ್ ಇಲ್ಲದ್ದು ಬರೇ ಶೋಕಿಯ ಮಾತಲ್ಲ. ಓವರ್‌ಟೇಕ್ ಮಾಡುವಾಗ ಎಂಜಿನ್ ಕೈ ಕೊಟ್ಟರೆ ಏನಾಗ್ತದೆ ಅನ್ನೋದು ನಿಮಗೂ ಗೊತ್ತು.

ಗ್ಯಾರೇಜಿಗೆ ಬಂದು ಪೆಟ್ರೋಲ್ ಲೈನಿಗೆ ಪ್ರೆಶರ್ ಗೇಜ್ ಹಾಕಿದೆ. ಈ ಕಾಲದ ಬಹಳಷ್ಟು ಇಂಜೆಕ್ಷನ್ ಕಾರುಗಳಲ್ಲಿ ಸುಮಾರು 3 ಬಾರ್ ಇರಬೇಕು. ಐಡ್ಲಿಂಗಿನಲ್ಲಿ ಬಹುತೇಕ ಅಷ್ಟೇ ಇತ್ತು. ಗೇಜನ್ನು ಗಾಜಿನ ಹೊರಗೆ ಕಟ್ಟಿ, ಪೈಪು ಎಲ್ಲೂ ತಿಕ್ಕದಂತೆ ನೋಡಿ, ಮತ್ತೆ ಏರಿಗೆ ಒಯ್ದೆ. ಈ ಗೇಜು ಕಾರಿನ ಒಳಗೆ ತರಬಾರದು, ಸೋರಿದರೆ ಬೆಂಕಿ. ನೀವಾಗಿ ಇದನ್ನು ಮಾಡಲೇಬೇಡ್ರಿ. ಏರಿನಲ್ಲಿ ಒತ್ತಡ 2 ಬಾರಿಗಿಂತ ಕೆಳಗಿಳಿಯಿತು. ಪೆಟ್ರೋಲ್ ಸಾಲುತ್ತಿಲ್ಲ. ಐಡ್ಲಿಂಗಿನಲ್ಲಿ ಹೆಚ್ಚಾಗಿ ಪ್ಲಗ್ ಕಪ್ಪಾಗ್ತಿತ್ತು, ಏರಿನಲ್ಲಿ ಕಡಿಮೆಯಾಗಿ ಉಸಿರು ಕಟ್ಟುತ್ತಿತ್ತು. ಕಪ್ಪು ಪ್ಲಗ್ ನೋಡಿದವರು ಪೆಟ್ರೋಲ್ ಹೆಚ್ಚು ಅಂದರು, ಏರಿನಲ್ಲಿ ಓಡಿಸಿದವರು ಕಡಿಮೆ ಅಂದರು. ಎರಡೂ ನಿಜ ಇತ್ತು. ಎರಡಕ್ಕೂ ಒಂದೇ ಕಾರಣ ಹುಡುಕಿದ್ದಕ್ಕೇ ಎಲ್ಲರೂ ಸೋತು ಎಂಜಿನ್ ಮೇಲೆ ಹಾಕಿದ್ದರು.

ಪಂಪು ಹೊಸದು. ಹಂಗಾದರೆ ಪಂಪಿಗೆ ಕರೆಂಟು ಸರಿ ಬರ್ತದೋ ಇಲ್ಲೋ? ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್. ಪಂಪಿನ ಎರಡು ವಯರಿನ ನಡುವೆ 10.1. ಉಳಿದ 3.7 ವೋಲ್ಟ್ ಎಲ್ಲಿ ಹೋಯಿತು? ಬ್ಯಾಟರಿ ಪ್ಲಸ್ಸಿನಿಂದ ಪಂಪಿನ ಪ್ಲಸ್ಸಿಗೆ ಮೀಟರ್ ಹಿಡಿದರೆ 0.3. ಪಂಪಿನ ಮೈನಸ್ಸಿನಿಂದ ಬ್ಯಾಟರಿ ಮೈನಸ್ಸಿಗೆ ಹಿಡಿದರೆ 3.4. ಕಳ್ಳ ಅರ್ಥಿಂಗಿನಲ್ಲಿ ಇದ್ದ. ಚೊಲೋ ಅರ್ಥಿಂಗಿನಲ್ಲಿ 0.2ಕ್ಕಿಂತ ಹೆಚ್ಚು ಇರಬಾರದು.

ಈಗ ಗೋಡೆ ಮೇಲೆ ಬರೆದಿಟ್ಟ ಪೇಂಟ್ ನೆನಪಾಯಿತು. ಕಬ್ಬಿಣದ ಕಾರಿನಲ್ಲಿ ಬಾಡಿಯೇ ಮೈನಸ್ ವಯರು. ಎಲ್ಲಿ ಬೋಲ್ಟ್ ಬಿಗಿದರೂ ಅರ್ಥಿಂಗ್ ಸಿಗ್ತದೆ. ಫೈಬರ್‌ನಲ್ಲಿ ಕರೆಂಟು ಹರಿಯೋದಿಲ್ಲ. ಹಂಗಾಗಿ ಫೈಬರ್ ಕಾರಿನಲ್ಲಿ ಪ್ರತಿಯೊಂದು ದೀಪ, ಪಂಪು, ಸೆನ್ಸರಿಗೂ ಮೈನಸ್ ವಯರು ಕೆಳಗಿನ ಕಬ್ಬಿಣದ ಚೌಕಟ್ಟಿಗೋ ಬ್ಯಾಟರಿಗೋ ಬರಬೇಕು. ಬಾಡಿ ರಿಪೇರಿ ಮಾಡಿದವರು ಆ ವಯರು ಬಿಚ್ಚಿ, ಚೌಕಟ್ಟಿಗೂ ಪೇಂಟ್ ಹೊಡೆದು, ಪೇಂಟಿನ ಮೇಲೇ ಮತ್ತೆ ಬೋಲ್ಟ್ ಬಿಗಿದಿದ್ದರು. ಬೋಲ್ಟಿನ ಹಲ್ಲಿನಲ್ಲಿ ಒಂದಿಷ್ಟು ಕರೆಂಟು ಹೋಗ್ತಿತ್ತು. ಆಮೇಲೆ ತುಕ್ಕು ಹಿಡಿದು ಅದೂ ಕಡಿಮೆಯಾಯಿತು. ಇದರಲ್ಲಿ ಕಾರು ಮಾಡಿದವರ ತಪ್ಪೂ ಇಲ್ಲ, ಪಂಪು ಮಾಡಿದವರ ತಪ್ಪೂ ಇಲ್ಲ.

ಪೇಂಟ್ ಕೆರೆದು ಕಬ್ಬಿಣ ಹೊಳೆಯೋ ಹಂಗ ಮಾಡಿ, ಹೊಸ ವಯರು, ಹೊಸ ಲಗ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಪಂಪಿನಲ್ಲಿ 13.4 ವೋಲ್ಟ್ ಬಂತು. ಗುಡ್ಡಕ್ಕೆ ಮತ್ತೆ ಹೋದೆವು. ಈ ಸಲ ಕಾರು ಏರಿನಲ್ಲಿ ಹಾಡಿಕೊಂಡು ಹೋಯಿತು. ಹುಡುಗ ಮಾತಾಡಲಿಲ್ಲ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ನಗ್ತಾ ಕೂತಿದ್ದ.

ನಿಮ್ಮ ಗಾಡಿಗೆ ಇದರಿಂದ ಏನು?

ನಿಮ್ಮ ಹತ್ತಿರ ಸ್ಪೋರ್ಟ್ಸ್ ಕಾರು ಇರಲಿಕ್ಕಿಲ್ಲ. ಅಪ್ಪನ ಯೆಜ್ಡಿ ಇರಬಹುದು, ಅಣ್ಣನ ಆರ್‌ಎಕ್ಸ್ 100 ಇರಬಹುದು, ಹಳೇ ಮಾರುತಿ ಇರಬಹುದು. ಲೆಕ್ಕ ಅದೇ. ತಕರಾರು ಐಡ್ಲಿಂಗಿನಲ್ಲಿ ಮಾತ್ರ ಇದೆಯೋ, ಭಾರ ಬಿದ್ದಾಗ ಮಾತ್ರ ಇದೆಯೋ, ಎರಡರಲ್ಲೂ ಇದೆಯೋ ಅಂತ ಮೊದಲು ಬೇರೆ ಮಾಡಿ.

ಐಡ್ಲಿಂಗಿನಲ್ಲಿ ಮಾತ್ರ ನಡುಗಿ, ಓಡುವಾಗ ಸರಿಯಿದ್ದರೆ ಗಾಳಿ ಸೋರೋದು, ಐಡ್ಲ್ ವಾಲ್ವಿನ ಕೊಳೆ, ಕಾರ್ಬೊರೇಟರ್ ಗಾಡಿಯಾದರೆ ಪೈಲಟ್ ಜೆಟ್ಟಿನ ಕಸ ನೋಡಬೇಕು. ಗಾಳಿ ಸೋರೋ ಜಾಗ ಹುಡುಕೋಕೆ ಕೆಲವರು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸ್ತಾರೆ. ಅದರಿಂದ ಬೆಂಕಿ ಹತ್ತೀತು. ಪೈಪು, ಜಾಯಿಂಟಿನ ಮೇಲೆ ಸ್ಪ್ರೇ ಬಾಟ್ಲಿಯಿಂದ ನೀರಿನ ತುಂತುರು ಬಿಡಿ, ಕಾಯಿಲ್ಲು ಮತ್ತು ವಯರಿಂಗ್ ಮೇಲೆ ಬೀಳದಂಗ. ಸೋರೋ ಜಾಗಕ್ಕೆ ನೀರು ಬಿದ್ದ ಕ್ಷಣ ಎಂಜಿನ್ನಿನ ಸದ್ದು ಬದಲಾಗ್ತದೆ.

ಐಡ್ಲಿಂಗ್ ಚೊಲೋ ಇದ್ದು ಭಾರಕ್ಕೆ ಸೋತರೆ ಪೆಟ್ರೋಲ್ ಫಿಲ್ಟರು, ಪಂಪು, ಅರ್ಥಿಂಗು, ಏರ್ ಫಿಲ್ಟರು, ಕಟ್ಟಿಕೊಂಡ ಸೈಲೆನ್ಸರು. ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿ, ಅದರಂಗ ಆರ್‌ಎಕ್ಸ್, ಇವು ಟೂ ಸ್ಟ್ರೋಕ್. ಪೆಟ್ರೋಲಿನ ಜೊತೆ ಆಯಿಲ್ಲೂ ಸುಡೋದರಿಂದ ಸೈಲೆನ್ಸರ್ ಒಳಗೆ ಮಸಿ ಕಟ್ಟಿ ಪಿಕಪ್ ಹೋಗ್ತದೆ. ಬೋರ್ ಕೆಲಸ ಅನ್ನೋ ಮೊದಲು ಸೈಲೆನ್ಸರಿನ ಮಸಿ ತೆಗೆಸಿ ನೋಡಿ.

ಎರಡರಲ್ಲೂ ತಕರಾರು ಇದ್ದರೆ ಕಂಪ್ರೆಶನ್, ಕಿಡಿ, ಟೈಮಿಂಗ್ ಅಳೆಯಿರಿ. ಆಮೇಲೂ ಸಿಗದಿದ್ದರೆ, ಈ ಕಾರಿನಂಗ ಎರಡು ಬೇರೆ ತಪ್ಪು ಕೂಡಿರಬಹುದು ಅನ್ನೋದನ್ನು ನೆನಪಿಡಿ.

ಇನ್ನೊಂದು ಮಾತು. ಈಗ ಪಂಪಿನಲ್ಲಿ ಸಿಗೋದು ಇ20, ಅಂದರೆ ನೂರಕ್ಕೆ 20 ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಹೊಲದ ಕಬ್ಬೇ ತಿರುಗಿ ನಮ್ಮ ಟಾಕಿಗೆ ಬರ್ತದೆ ಅನ್ನಿ. ರೈತನಿಗೆ ಅದು ಚೊಲೋ. ಆದರೆ ಎಥನಾಲ್ ನೀರು ಹೀರ್ತದೆ, ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಕೊಡ್ತದೆ, ಅದಕ್ಕಂತ ತಯಾರಾಗದ ಹಳೇ ರಬ್ಬರ್ ಪೈಪು, ಸೀಲುಗಳನ್ನು ಮೆತ್ತಗೆ ಮಾಡ್ತದೆ. ಹಳೇ ಗಾಡಿ ಇಟ್ಟುಕೊಂಡವರು ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯೋ ಪೈಪಿಗೆ ಬದಲಾಯಿಸಿಕೊಳ್ಳಿ. ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟಾಕಿಯಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ.

ಏನೇ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾಯಿಸಿ. ಮೂರು ಸಾಮಾನು ಕೂಡಿಯೇ ಹಾಕಿದರೆ ಯಾವುದರಿಂದ ಗುಣ ಆಯಿತು ಅನ್ನೋದು ತಿಳಿಯೋದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ, ಆ ಹೊಗೆಗೆ ವಾಸನೆ ಗೊತ್ತಾಗೋ ಮೊದಲೇ ಮನುಷ್ಯ ಬೀಳ್ತಾನೆ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಬಾನೆಟ್ ಒಳಗೆ ಬಗ್ಗಿ.

ನೋಡೋದಕ್ಕೂ ರೊಕ್ಕ

ಕೊನೆಗೆ ಬಿಲ್ಲಿನ ಮಾತು. ಪೈಪಿಗೆ 40, ವಯರು ಮತ್ತು ಲಗ್ಗಿಗೆ 120. ಸಾಮಾನು ಒಟ್ಟು 160 ರೂಪಾಯಿ. ನನ್ನ ಮಜೂರಿ 2,500 ಬರೆದೆ. ಹುಡುಗನ ಜೊತೆ ಬಂದಿದ್ದ ಗೆಳೆಯ ಬಿಲ್ಲು ನೋಡಿ, "ಏನ್ ಕಾಕಾ, ಒಂದು ಗೇಣು ಪೈಪ್ ಹಾಕಿದ್ದಕ್ಕ ಎರಡೂವರೆ ಸಾವಿರ?" ಅಂದ.

ಅವನ ಪ್ರಶ್ನೆ ತಪ್ಪಲ್ಲ. ಆದರೆ ನಾಲ್ಕು ಮಂದಿ ಯಾಕೆ ಸಾಮಾನು ಬದಲಾಯಿಸ್ತಾ ಹೋದರು ಅಂತ ಯೋಚನೆ ಮಾಡ್ರಿ. ಅವರೆಲ್ಲಾ ದಡ್ಡರಲ್ಲ, ಕಳ್ಳರೂ ಅಲ್ಲ. ನಮ್ಮ ಗಿರಾಕಿಗಳು ಹೊಸ ಪಂಪಿಗೆ ಐದು ಸಾವಿರ ಮರು ಮಾತಾಡದೆ ಕೊಡ್ತಾರೆ, ಕೈಯಲ್ಲಿ ಹಳೇ ಪಂಪು ಬರ್ತದಲ್ಲ. ಎರಡು ದಿನ ಕೂತು ಅಳೆದು, ಪಂಪು ಚೊಲೋ ಅದ ಅಂತ ಹೇಳಿದವನಿಗೆ "ಏನೂ ಮಾಡಿಲ್ಲಲ್ಲ" ಅಂತಾರೆ. ನೋಡೋದಕ್ಕೆ ರೊಕ್ಕ ಸಿಗೋದಿಲ್ಲ, ಬದಲಾಯಿಸೋದಕ್ಕೆ ಸಿಗ್ತದೆ. ಹಂಗಾಗಿ ಬದಲಾಯಿಸೋರೇ ಉಳೀತಾರೆ. ನಾನೂ ಮಾಸ್ತರರ ಕಾರಿಗೆ ಹೆಡ್ ಕೆಲಸದ ಬಿಲ್ಲು ಬರೆದದ್ದು ಅದಕ್ಕೇ. "ಕ್ಲಿಪ್ಪು ಬಿಗಿ ಮಾಡಿದೆ" ಅಂತ ಬರೆದರೆ ಏನು ಕೇಳಲಿ ಅನ್ನೋ ಧೈರ್ಯ ಇರಲಿಲ್ಲ.

ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಏನು ಬದಲಾಯಿಸಬೇಕು?" ಅಂತ ಕೇಳಬೇಡ್ರಿ. "ಏನು ಅಳೆದಿರಿ, ಎಷ್ಟು ಬಂತು?" ಅಂತ ಕೇಳ್ರಿ. ಕಂಪ್ರೆಶನ್ ಎಷ್ಟು, ಪ್ರೆಶರ್ ಎಷ್ಟು, ವೋಲ್ಟ್ ಎಷ್ಟು, ಫೋನಿನಲ್ಲಿ ಬರಕೊಳ್ರಿ. ಅಳೆದು ಹೇಳಿದವನಿಗೆ ಅವನ ಹೊತ್ತಿನ ರೊಕ್ಕ ಕೊಡ್ರಿ. ಅಳೆಯದೆ ಎಂಜಿನ್ ಇಳಿಸ್ತೀನಿ ಅಂದರೆ ಕೀ ಇಸಕೊಂಡು ಬರ್ರಿ.

ಸಂಗೊಳ್ಳಿ ಹುಡುಗ ಬಿಲ್ಲು ಪೂರ್ತಿ ಕೊಟ್ಟ. ಉತ್ಸವದ ದಿನ ಅವರವ್ವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಗ್ಯಾರೇಜಿನ ಮುಂದೆ ಹಾದು ಹೋದ. ಅವರು ಸೆರಗು ಬಿಗಿಯಾಗಿ ಹಿಡಕೊಂಡಿದ್ದರು. ಗುಜರಿಯವನ ಮಾತು ಆಮೇಲೆ ಆ ಮನೆಯಲ್ಲಿ ಬಂದಿಲ್ಲವಂತೆ.